ಬೆಳಕಿಂಡಿಯಿಂದ ಇಳಿದ ಗ್ರಹಣ

ಮೊನ್ನೆ ಜೋಳದ ಹಿಟ್ಟಿನ ಡಬ್ಬಿಯ ಮೇಲಿನ ಹಿತ್ತಾಳೆ ಮುಚ್ಚಳಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಿದ್ದೆ. ಹುಳಿ ಮತ್ತು ಹಿತ್ತಾಳೆ ಕೂಡಿದರೆ ಒಂದು ವಾಸನೆ ಏಳುತ್ತದಲ್ಲ, ನಿಮಗೂ ಗೊತ್ತಿದ್ದೀತು. ಆ ವಾಸನೆಗೆ ನನ್ನ ಎದೆ ಇವತ್ತಿಗೂ ಧಸಕ್ಕೆನ್ನುತ್ತದೆ. ಯಾಕೆಂದರೆ ಅದು ಡಬ್ಬಿಯ ಮುಚ್ಚಳವೇ ಅಲ್ಲ. ನಮ್ಮ ಮಾವನವರ ದುರ್ಬೀನಿನ ಮುಚ್ಚಳ. ದುರ್ಬೀನು ಮನೆ ಬಿಟ್ಟು ಹೋಗುವಾಗ ಇದೊಂದು ಹೇಗೋ ಉಳಿದುಕೊಂಡಿತು.

ನಾನು ಶಿರಹಟ್ಟಿಯವಳು. ಎಪ್ಪತ್ತರ ದಶಕದಲ್ಲಿ ಬೆಟಗೇರಿಗೆ ಸೊಸೆಯಾಗಿ ಬಂದೆ. ಮಾವ ಲಕ್ಷ್ಮೇಶ್ವರದಲ್ಲಿ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ಗದಗಿನ ಯಾವುದೋ ಹಳೆಯ ಬಂಗಲೆಯ ಸಾಮಾನು ಹರಾಜಾದಾಗ ಬೇರೆಯವರು ಮಂಚ, ಕಪಾಟು ಕೊಂಡರಂತೆ. ಇವರು ದುರ್ಬೀನು ಕೊಂಡರು. ಒಂದೂವರೆ ಆಳುದ್ದದ ಕೊಳವೆ, ಅದರ ತುದಿಗೆ ಸಣ್ಣ ರೊಟ್ಟಿಯಗಲದ ಗಾಜು, ನಮ್ಮ ಮಾತಿನಲ್ಲಿ ಕಾಜು. ಚಕ್ಕಡಿಯಲ್ಲಿ ಕೌದಿ ಹೊದಿಸಿಕೊಂಡು ಬಂದ ಅದನ್ನು ನೋಡಿ, ಪಕ್ಕದ ಮನೆಯ ಹುಸೇನಸಾಬರು, ನೂಲಿಗೆ ಬಣ್ಣ ಹಾಕುವವರು, "ಮಾಸ್ತರ, ತೋಪ ಏನೋ ತಂದ್ರಿ, ಗುಂಡ ಎಲ್ಲಿ ಅದಾವ್ರಿ?" ಎಂದರು. ಓಣಿಯೆಲ್ಲ ನಕ್ಕಿತು. ನಾನು ಮಾತ್ರ ನಗಲಿಲ್ಲ. ನನಗೆ ಅದನ್ನು ಕಂಡರೆ ಮೊದಲಿನಿಂದಲೂ ಹೆದರಿಕೆ.

ಹೆದರಿಕೆ ಶುರುವಾದದ್ದು ಮಾಳಿಗೆಯಿಂದ. ನಮ್ಮ ಕಡೆಯ ಮನೆಗಳು ಗೊತ್ತಲ್ಲ, ತೊಲೆ, ಜಂತಿ, ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಸೋರದಿರಲಿ ಎಂದು ಮತ್ತಷ್ಟು ಮಣ್ಣು. ಆ ಮಣ್ಣಿನ ಮೇಲೆ ಕಬ್ಬಿಣದ ಕಂಬ ನೆಟ್ಟು ಮಾವ ದುರ್ಬೀನು ಕೂರಿಸಿದ್ದರು. ಅವರು ಮೇಲೆ ಅದನ್ನು ತಿರುಗಿಸಿದರೆ ಕೆಳಗೆ ನನ್ನ ನಾದಿದ ಹಿಟ್ಟಿನಲ್ಲಿ ಮಣ್ಣು ಉದುರುತ್ತಿತ್ತು. ಇಂದು ಬೀಳುತ್ತದೆ, ನಾಳೆ ಬೀಳುತ್ತದೆ ಎಂದು ತೊಲೆ ನೋಡುತ್ತಲೇ ರೊಟ್ಟಿ ಬಡಿದೆ. ಮಾವನವರ ದೂರು ಬೇರೆಯೇ. ಓಣಿಯಲ್ಲಿ ಯಾರ ಮಗ್ಗ ನಡೆದರೂ ಗೋಡೆ ಅದುರಿ, ಕಂಬ ಅದುರಿ, ಶನಿ ಕುಣಿಯುತ್ತಾನಂತೆ. "ನೇಕಾರರು ಉಣ್ಣಾಕ ಎದ್ದಾಗಷ್ಟ ನನಗ ಶನಿ ನಿಂತ ಕಾಣ್ತಾನ ನೋಡವಾ," ಎನ್ನುತ್ತಿದ್ದರು. ಶನಿ ಎಂಬ ಹೆಸರನ್ನು ಹೊತ್ತುಗೊತ್ತಿಲ್ಲದೆ ಮನೆಯಲ್ಲಿ ಆಡಬಾರದೆಂದು ಅತ್ತೆ ರೇಗುತ್ತಿದ್ದರು. ಮಾವ ನನ್ನನ್ನೂ ಎಷ್ಟೋ ಸಲ ಮೇಲೆ ಕರೆದರು. ಒಲೆಯ ಮೇಲೆ ಸಾರಿದೆ, ಕಾಲು ನೋಯುತ್ತದೆ, ಹೀಗೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡೆ.

ಈಗ ಮುಖ್ಯದ ಮಾತು. ನನಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ಏಳು ತಿಂಗಳು ದಾಟಿತು ಅನ್ನುವಾಗ ಎಂಬತ್ತರ ಆ ಖಗ್ರಾಸ ಸೂರ್ಯಗ್ರಹಣ ಬಂತು. ಪೂರ್ತಿ ಸೂರ್ಯ ಮುಚ್ಚುವುದು ನಮ್ಮ ಊರಿನ ಮೇಲೆಯೇ ಎಂದು ಸುದ್ದಿ. ಊರಿಗೆ ಊರೇ ಗಡಗಡ. ಬಸುರಿ ನೆರಳು ಸೋಕಿಸಿಕೊಂಡರೆ ಕೂಸಿನ ತುಟಿ ಸೀಳುತ್ತದೆ, ಬೆರಳು ಕೂಡಿಕೊಳ್ಳುತ್ತವೆ ಎಂದು ಬಂದವರೆಲ್ಲ ಹೇಳಿ ಹೋಗುವವರೇ. ನಾನು ಮ್ಯಾಟ್ರಿಕ್ ಓದಿದವಳು, ಚಂದ್ರ ಅಡ್ಡ ಬರುತ್ತಾನೆ ಅಷ್ಟೇ ಎಂದು ತವರಿನಲ್ಲಿ ತಂಗಿಯರಿಗೆ ಭಾಷಣ ಮಾಡಿದವಳು. ಆದರೆ ಕೂಸು ನನ್ನ ಹೊಟ್ಟೆಯಲ್ಲಿದ್ದಾಗ ಆ ಭಾಷಣ ಎಲ್ಲಿ ಹೋಯಿತೋ! ಹೇಳಿದ್ದಕ್ಕೆಲ್ಲ ಹೂಂ ಅಂದೆ. ಕತ್ತರಿ ಮುಟ್ಟಲಿಲ್ಲ, ಸೂಜಿ ಹಿಡಿಯಲಿಲ್ಲ.

ಅತ್ತೆ ಒಳಕೋಣೆಯನ್ನು ಗೊತ್ತುಮಾಡಿದರು. ಅದಕ್ಕೆ ಕಿಟಕಿಯಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ಅದಕ್ಕೂ ತಗಡು ಮುಚ್ಚಿಸಿದರು. ನಡುವೆ ಹಾಸಿಗೆ ಹಾಸಿ, ಹೊಟ್ಟೆಯ ಮೇಲೆ ಬಿಳಿ ಪಂಚೆ ಹೊದಿಸಿ, "ನೆಟ್ಟಗ ಮಲಕೊ, ಮಗ್ಗಲಾ ಬದಲಿಸಬ್ಯಾಡ," ಎಂದು ಪಕ್ಕದಲ್ಲಿ ಕೂತರು.

ಮಧ್ಯಾಹ್ನ ಇಳಿಯುವ ಹೊತ್ತು. ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಬೆಟಗೇರಿಯಲ್ಲಿ ಹಗಲು ಹೊತ್ತು ಅಷ್ಟು ನಿಶ್ಶಬ್ದ ನಾನು ಕೇಳಿರಲಿಲ್ಲ. ಊರು ಸತ್ತೇಹೋಯಿತೇನೋ ಅನ್ನಿಸಿತು. ಮಾಳಿಗೆಯ ಮೇಲೆ ಮಾವನವರ ಹೆಜ್ಜೆ ಮಾತ್ರ. ಅವರು ಸೂರ್ಯನನ್ನು ದುರ್ಬೀನಿನಲ್ಲಿ ನೇರ ನೋಡುತ್ತಿರಲಿಲ್ಲ, ಕಣ್ಣು ಸುಟ್ಟು ಹೋಗುತ್ತದೆ. ಸೂರ್ಯನ ಬಿಂಬವನ್ನು ಹಿಂದಿನ ತುದಿಯಿಂದ ಬಿಳಿ ಹಾಳೆಯ ಮೇಲೆ ಬೀಳಿಸಿ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ತಲೆಯ ಮೇಲೆ ತಗಡು ಸರಿಯಿತು. ಬೇರೆ ಬೆಳಕು ಒಳಗೆ ಬಾರದಂತೆ ಸುತ್ತ ಕಂಬಳಿ ತುರುಕಿದ ಸದ್ದು. ಆಮೇಲೆ ಮಾವನವರ ದನಿ, ಹಬ್ಬದ ಉಮೇದು ಅದರಲ್ಲಿ:

"ತಂಗೀ, ನೀ ಹೊರಗ ಬರೂದು ಬ್ಯಾಡ! ಕನ್ನಡಿ ಹಿಡಿದು ಗ್ರಹಣಾನ ನಿನ್ನ ಹಂತೇಕ ಕಳಸ್ತೇನಿ. ನೆಲದ ಮ್ಯಾಲ ಬೀಳತೈತಿ, ನೋಡು!"

ನೆಲದ ಮೇಲೆ ಬೀಳಲಿಲ್ಲ. ಹಾಸಿಗೆಯನ್ನು ಅತ್ತೆ ಸರಿಯಾಗಿ ಬೆಳಕಿಂಡಿಯ ಕೆಳಗೇ ಹಾಸಿದ್ದರು, ಅದು ಮಾವನವರಿಗೆ ಗೊತ್ತಿರಲಿಲ್ಲ. ತಾಟಿನಷ್ಟು ಅಗಲದ ಸೂರ್ಯ, ಮುಕ್ಕಾಲು ತಿಂದುಹೋದ ಸೂರ್ಯ, ಬಂದು ನನ್ನ ಹೊಟ್ಟೆಯ ಮೇಲೆ ಕೂತ.

ಅತ್ತೆ ಕಿಟಾರನೆ ಕಿರುಚಿದರು. "ಅಯ್ಯ ನನ್ನ ಹಡದವ್ವಾ! ಯಾವುದನ್ನ ಮುಚ್ಚಿಡಾಕ ಹತ್ತೇವಿ, ಅದನ್ನ ತಂದು ಹೊಟ್ಟಿ ಮ್ಯಾಲ ಇಟ್ರೆಲ್ಲಾ!" ಎನ್ನುತ್ತ ನನ್ನ ಮೇಲೆ ಬೋರಲಾಗಿ ಬಿದ್ದರು. ಸೂರ್ಯ ಅವರ ಬೆನ್ನಿಗೆ ಹತ್ತಿದ. ಆ ಬೆನ್ನಿನ ಮೇಲೆ ಅವನು ಕುಡುಗೋಲಾದ, ಎಳೆಯಾದ, ಆರಿಹೋದ. ಗವ್ವೆನ್ನುವ ಕತ್ತಲೆ. ಎಲ್ಲೋ ನಾಯಿ ಊಳಿಟ್ಟಿತು. ಬೆಳಗಿನಿಂದ ಒದೆಯುತ್ತಿದ್ದ ಕೂಸು ಆ ಕತ್ತಲೆಯಲ್ಲಿ ತಣ್ಣಗಾಯಿತು.

ಬೆಳಕು ಬಂದಮೇಲೆಯೂ ಅದು ಅಲುಗಲಿಲ್ಲ. ಮಾವ ಕೆಳಗಿಳಿದು ಬಂದು ನಮ್ಮ ಮುಖ ನೋಡಿದರು. ಕೈಯಲ್ಲಿ ಕನ್ನಡಿ ಹಾಗೇ ಇತ್ತು. "ಬರೇ ಬೆಳಕರೀ ಅದು... ಬರೇ ಬೆಳಕು..." ಎಂದರು. ರಾತ್ರಿ ಯಾರೂ ಉಣ್ಣಲಿಲ್ಲ. ನಾನು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಒಂದೇ ಒಂದು ಸಲ ಒದಿಯೋ ನನ್ನಪ್ಪಾ ಎಂದು ಬೇಡುತ್ತ ಬೆಳಗು ಮಾಡಿದೆ. ಕೋಳಿ ಕೂಗುವ ಹೊತ್ತಿಗೆ ಒಳಗೆ ಮೆಲ್ಲಗೆ ಒಂದು ಮಿಸುಕಾಟ. ಜೀವ ಬಂತು. ಅಂಜಿಕೆ ಮಾತ್ರ ಹೋಗಲಿಲ್ಲ. ಜೀವವಿದೆ ಸರಿ, ರೂಪ? ದಿನಾ ಅದೇ ಸೀಳುತುಟಿ ಕಣ್ಣ ಮುಂದೆ. ಮಾವ ಮಾಳಿಗೆ ಹತ್ತುವುದನ್ನು ಬಿಟ್ಟರು; ಯಾಕೆಂದು ಕೇಳುವಷ್ಟು ವ್ಯವಧಾನ ನಮಗಾರಿಗೂ ಇರಲಿಲ್ಲ.

ಹೆರಿಗೆ ಗದಗಿನ ಆಸ್ಪತ್ರೆಯಲ್ಲಾಯಿತು. ನರ್ಸಮ್ಮ ಬಾಗಿಲು ತೆರೆದು ಹೆಣ್ಣೆಂದು ಹೇಳುವ ಮೊದಲೇ ಮಾವ ಕೇಳಿದರು: "ತುಟಿ ನೆಟ್ಟಗದಾವ್ರೀ? ಬೆರಳೂ?"

ಒಳಗೆ ಮಲಗಿದ್ದ ನನಗೆ ಕೇಳಿಸಿತು. ನನ್ನ ಹಾಗೆಯೇ, ಚಂದ್ರ ಅಡ್ಡ ಬರುತ್ತಾನೆ ಅಷ್ಟೇ ಎಂದು ಊರಿಗೆಲ್ಲ ಹೇಳಿದ ಮನುಷ್ಯ. ನನಗಿಂತ ಹೆಚ್ಚು ಹೆದರಿದವರು ಒಬ್ಬರು ಮನೆಯಲ್ಲಿದ್ದರು ಎಂದು ಆಗ ತಿಳಿಯಿತು, ಅಳು ಒತ್ತರಿಸಿಕೊಂಡು ಬಂತು.

ತುಟಿ ನೆಟ್ಟಗಿದ್ದವು, ಬೆರಳೂ. ಆದರೂ ಮಾವ ಮಾಳಿಗೆ ಹತ್ತಲಿಲ್ಲ. ಬಾಣಂತನ ಮುಗಿದಮೇಲೆ ಕೇಳಿದೆ. "ಹರಕಿ ಹೊತ್ತೇನವಾ," ಎಂದರು, ನಾಚಿಕೊಂಡು. "ಕೂಸು ಬರೋಬರಿ ಬರಲಿ, ಇನ್ನ ಆ ಕಾಜಿಗೆ ಕಣ್ಣ ಹಚ್ಚೂದಿಲ್ಲ ಅಂತ."

"ಯಾವ ದೇವರಿಗ್ರೀ ಮಾವಾ?"

"ಸೂರ್ಯಾಗ. ತಪ್ಪು ಮಾಡಿದ್ದು ಅವನ ಮುಂದ ಅಲ್ಲೇನು?"

ಮಗಳು ಶಾಲೆಗೆ ಹೋಗುವಷ್ಟಾದಳು. ಒಂದು ಬೇಸಿಗೆಯ ಸಂಜೆ ನಕ್ಷತ್ರ ನೋಡಬೇಕೆಂದು ಅಜ್ಜನಿಗೆ ಗಂಟುಬಿದ್ದಳು: "ನನಗ ಚಿಕ್ಕಿ ತೋರಿಸು." ಅವರು ಮಾಳಿಗೆಯತ್ತ ಒಮ್ಮೆ ನೋಡಿ ಎದ್ದರು. ನಾನು ಹಿಂದೆಯೇ ಹತ್ತಿದೆ. ಕೊಳವೆಗೆ ಕೈಹಚ್ಚಿದ ಕೂಡಲೇ ಅವರು ಕಣ್ಣು ಮುಚ್ಚಿಕೊಂಡರು. ಮುಚ್ಚಿಕೊಂಡೇ ತಿರುಗಿಸಿದರು. "ಬಂತೇನು? ಇಲ್ಲಾ? ಈಗ?" ಅವಳು ಒಮ್ಮೆಲೆ ಕೂಗಿದಳು, "ಅಜ್ಜಾ, ಚಿಕ್ಕಿ ಬಳಿ ಹಾಕ್ಕೊಂಡೈತಿ!" ಶನಿಯ ಸುತ್ತಿನ ಬಳೆ ಅವಳಿಗೆ ಸಿಕ್ಕಿತ್ತು. ಅವರ ಮುಖ ನೋಡಬೇಕಿತ್ತು ನೀವು. "ನಿಂತೈತೋ, ಕುಣೀತೈತೋ? ಬಳಿ ಎಷ್ಟ ಅಗಲ ಐತಿ? ಹೇಳು, ಹೇಳು," ಎಂದು ಬೆನ್ನು ತಿರುಗಿಸಿ ಕೇಳಿಸಿಕೊಂಡರು. ಕಡೆಯವರೆಗೂ ಹಾಗೇ ನಡೆಯಿತು. ಅವಳು ನೋಡುವಳು, ಅವರು ಕೇಳುವರು.

ಅವಳೀಗ ಮುಂಡರಗಿಯಲ್ಲಿ ವಿಜ್ಞಾನದ ಟೀಚರು. ದುರ್ಬೀನು ಅವಳ ಶಾಲೆಯ ಅಂಗಳದಲ್ಲಿದೆ. ಹೋದ ವಾರ ನಾನು ಅಲ್ಲಿಗೆ ಹೋಗಿದ್ದೆ. ಕತ್ತಲಾಗಿ ಬಹಳ ಹೊತ್ತಾಗಿತ್ತು, ಮಕ್ಕಳೆಲ್ಲ ನೋಡಿ ಮನೆಗೆ ಹೋಗಿದ್ದರು. ಮಗಳು ನನ್ನ ಕೈಹಿಡಿದು ಒಯ್ದು ನಿಲ್ಲಿಸಿದಳು. ನೆಪ ಒಂದೂ ಹೊಳೆಯಲಿಲ್ಲ. ಬಗ್ಗಿ, ಜನ್ಮದಲ್ಲಿ ಮೊದಲ ಸಲ ಅದಕ್ಕೆ ಕಣ್ಣು ಹಚ್ಚಿದೆ.

"ಏನ್ ಕಾಣ್ತೈತಿ ಅವ್ವಾ?"

"ಏನೂ ಇಲ್ಲವಾ. ಬರೇ ಕತ್ತಲಿ."

ಅವಳು ಬಗ್ಗಿ ನನ್ನ ಮುಖ ನೋಡಿದಳು. ಮೆಲ್ಲಗೆ ಬೆನ್ನ ಮೇಲೆ ಕೈಯಿಟ್ಟಳು.

"ಹೆದರಬ್ಯಾಡ. ಕಣ್ಣ ತೆರಿ."

ತೆರೆದೆ.