ಅವ್ವ ಬಿಟ್ಟ ಅನ್ನ

ಆಕಾಶಕ್ಕೆ ದುರ್ಬೀನು ಹಾರಲಿ ಎಂದು ಹರಕೆ ಹೊತ್ತ ಹೆಂಗಸು ನಮ್ಮ ಸುರಪುರ ತಾಲ್ಲೂಕಿನಲ್ಲಿ ಅವ್ವ ಒಬ್ಬಳೇ ಇದ್ದಿರಬೇಕು. ನನ್ನ ತಂಗಿ ದೂರದ ಊರಿನ ಸರಕಾರಿ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಬಹಳ ಜನ ಸೇರಿ ದೊಡ್ಡದೊಂದು ಬಾಹ್ಯಾಕಾಶ ದೂರದರ್ಶಕ ಕಟ್ಟುತ್ತಿದ್ದರು. ಅದರೊಳಗೆ ಬೆಳಕು ಹಿಡಿಯುವ ಒಂದು ಭಾಗ ಇವಳ ಕೈಯಲ್ಲಿ ತಯಾರಾಗುತ್ತಿತ್ತು. ರಜೆಗೆ ಬಂದಾಗ ಅವಳು ಅದನ್ನೆಲ್ಲ ಅವ್ವನಿಗೆ ಬಿಡಿಸಿ ಹೇಳಲು ಕೂತಳು. ನಕ್ಷತ್ರ ಬಿಟ್ಟ ಬೆಳಕು ನಮ್ಮತನಕ ಬರಲು ಬಹಳ ಕಾಲ ಬೇಕು, ನಾವು ಹಿಡಿಯುವುದು ಹಳೆಯ ಬೆಳಕು ಎಂದಳು.

“ಹೊಸ ಬೆಳಕಿಗಿ ಏನಾಗ್ಯಾದ? ಹಳೇದು ಯಾಕ ಬೇಕು ನಿಮಗ?” ಎಂದಳು ಅವ್ವ.

ನನಗೂ ಅದೇ ಪ್ರಶ್ನೆ ಇತ್ತು. ಶಹಾಪುರದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಟೀಚರು ನಾನು, ಕೇಳಿದರೆ ಮಾನ ಹೋದೀತೆಂದು ಸುಮ್ಮನಿದ್ದೆ. ತಂಗಿ ನಗಲಿಲ್ಲ. ಎಲ್ಲ ಹೇಗೆ ಶುರುವಾಯಿತೆಂದು ನೋಡಬೇಕವ್ವ, ಅದಕ್ಕೆ, ಎಂದಳು. ಅವ್ವ ಅವಳ ಮುಖವನ್ನೇ ನೋಡುತ್ತ ಕೂತಳು. ದುರ್ಬೀನು ಅವ್ವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಮಗಳಿಗೆ ಅದು ಎಷ್ಟು ಬೇಕು ಎಂಬುದಂತೂ ತಿಳಿಯಿತು.

ಮುಂದಿನ ಅಮಾವಾಸ್ಯೆಗೆ ತಿಂಥಣಿಗೆ ಹೋಗಿ, ಹೊಳೆಯಲ್ಲಿ ಮುಳುಗು ಹಾಕಿ, ಒದ್ದೆ ಸೀರೆಯಲ್ಲೇ ಮೌನೇಶ್ವರನ ಮುಂದೆ ನಿಂತು ಬೇಡಿಕೊಂಡು ಬಂದಳು. ಅದು ಮೇಲೆ ಹೋಗುವತನಕ ಅನ್ನ ಮುಟ್ಟುವುದಿಲ್ಲ ಎಂದು.

ನನಗೆ ಸಿಟ್ಟು ಬಂತು. “ಬಿಡೂದಿತ್ತಂದ್ರ ಹಾಗಲಕಾಯಿ ಬಿಡಬೇಕಿತ್ತು” ಎಂದೆ.

“ಬ್ಯಾಡಾದ್ದು ಬಿಟ್ರ ಅದು ಹರಕಿ ಹೆಂಗ ಆಗ್ತದ? ದೇವ್ರಿಗೇನು ಅಷ್ಟೂ ತಿಳಿಯಂಗಿಲ್ಲೇನು?”

ಅವ್ವನಿಗೆ ಅನ್ನವೆಂದರೆ ಏನು ಎಂಬುದು ಇಂದಿನ ಮಕ್ಕಳಿಗೆ ಹೇಳಿದರೂ ತಿಳಿಯದು. ಅವಳು ಹುಡುಗಿಯಾಗಿದ್ದಾಗ ಹಬ್ಬಕ್ಕೆ, ಬೀಗರು ಬಂದಾಗ, ಇಲ್ಲವೇ ಜ್ವರ ಬಂದಾಗ ಮಾತ್ರ ಅನ್ನ. ಉಳಿದಂತೆ ಜೋಳದ ರೊಟ್ಟಿ. ಜ್ವರ ಬರಲಿ ಎಂದು ಕಾಯುತ್ತಿದ್ದೆವು ಎಂದು ನಗುತ್ತಿದ್ದಳು. ಕೆಂಭಾವಿ ಕಡೆಯ ನಮ್ಮ ಹೊಲಕ್ಕೆ ಕಾಲುವೆ ನೀರು ಬಂದು, ಮೊದಲ ಭತ್ತ ಮನೆ ಸೇರಿದ ದಿನ, ಪಾತ್ರೆ ತುಂಬ ಅನ್ನ ಮಾಡಿ ಹಾಲು ಸುರಿದುಕೊಂಡು, ಯಾರಿಗೂ ಬಡಿಸದೆ ತಾನೇ ಮೊದಲು ಉಂಡಳು. ಅಪ್ಪ ನೋಡಿಯೂ ನೋಡದವನಂತೆ ಎತ್ತಿನ ಮೈ ಉಜ್ಜುತ್ತಿದ್ದ. ಅಂಥವಳು ಅನ್ನ ಬಿಟ್ಟಳು. ಅಪ್ಪ ತೀರಿದ ಮೇಲೆ ಅವಳು ನನ್ನ ಮನೆಯಲ್ಲೇ ಇದ್ದುದರಿಂದ ಆ ಹರಕೆಯ ರೊಟ್ಟಿ ಬಡಿಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಕುಕ್ಕರು ಕೂಗಿದಾಗಲೆಲ್ಲ ಅವ್ವ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂರುತ್ತಿದ್ದಳು.

ದುರ್ಬೀನು ಹಾರುವ ವರ್ಷ ಮುಂದೆ ಮುಂದೆ ಹೋಗುತ್ತಲೇ ಇತ್ತು. ಆಮೇಲೊಂದು ದಿನ ತಂಗಿ ಹೇಳದೆ ಕೇಳದೆ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಫೋನು ಮಾಡಿದಳು. ಹೋಗಿ ಕರೆತಂದೆ. ಬಸ್ಸು ಭೀಮಾ ಸೇತುವೆ ದಾಟಿತು. ಆಮೇಲೆ ಅವಳು ಹೇಳಿದ್ದಿಷ್ಟು: ಸರಕಾರ ಅನುದಾನ ಕಡಿತ ಮಾಡಿದೆ, ಜೊತೆಯವರಲ್ಲಿ ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸಿದ್ದಾರೆ, ಇವಳು ಮಾಡಿದ ಭಾಗವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದಾರೆ.

“ನಿಲ್ಲಿಸ್ಯಾರೇನು ಹಂಗಾದ್ರ?” ಎಂದೆ.

“ನಿಲ್ಲಿಸಿಲ್ಲಂತ. ರೊಕ್ಕ ಮಾತ್ರ ಕೊಡಂಗಿಲ್ಲಂತ.”

ಅನ್ನ ಹಾಕದೆ ಸಾಕುತ್ತೇವೆ ಎಂದಂತಾಯಿತು. ನಾನು ಬಸ್ಸಿನಲ್ಲೇ ಒಂದಿಷ್ಟು ಬೈದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ತಂಗಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು.

ಅವ್ವನಿಗೆ ತಿಳಿಸಿ ಹೇಳುವ ಕಷ್ಟವೇ ಬೀಳಲಿಲ್ಲ. ನಮ್ಮ ಹೊಲ ಕಾಲುವೆಯ ಕೊನೆಯದು. ಭತ್ತ ಹೊಡೆಗೆ ಬಂದು ತೆನೆ ಬಿಡುವ ಹೊತ್ತಿಗೆ ಮೇಲಿನವರು ಗೇಟು ಇಳಿಸುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. “ಕಾಲುವಿ ಅದ, ನೀರಿಲ್ಲ. ಇಷ್ಟೇ ಹೌದಲ್ಲೇನು?” ಎಂದಳು. ತಂಗಿ ತಲೆಯಾಡಿಸಿದಳು. ಅವ್ವ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಪೆಟ್ಟಿಗೆಯಲ್ಲಿಟ್ಟ ಆ ಭಾಗಕ್ಕೆ ಗೆದ್ದಲು ಹತ್ತುತ್ತದೆಯೇ ಎಂದು ಕೇಳಿದಳು.

ಆ ಮಳೆಗಾಲ ಮುಗಿಯುವುದರೊಳಗೆ ಅವ್ವನ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಕೈ ಮೀರಿತ್ತು. ಮನೆಗೆ ಕರೆದುಕೊಂಡು ಹೋಗ್ರಿ, ಬಾಯಿಗೆ ಏನು ಬೇಕನಿಸುತ್ತದೋ ಅದನ್ನು ಕೊಡ್ರಿ ಎಂದರು ಡಾಕ್ಟರು. ಅವ್ವನಿಗೆ ಬೇಕನಿಸಿದ್ದು ಒಂದೇ. ಹೇಳುತ್ತಿರಲಿಲ್ಲ, ಆದರೆ ಪಕ್ಕದ ಮನೆಯಲ್ಲಿ ಅನ್ನ ಬಸಿಯುವ ವಾಸನೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನನ್ನ ಮನೆಯಲ್ಲಂತೂ ಆಗಲೇ ಅಕ್ಕಿ ಒಲೆಗೆ ಏರುವುದು ನಿಂತಿತ್ತು. ಜೋಳದ ಅಂಬಲಿಯನ್ನು ಚಮಚದಲ್ಲಿ ಹಾಕುತ್ತಿದ್ದೆ, ಅರ್ಧ ಹೊರಗೆ ಬರುತ್ತಿತ್ತು.

ಅವ್ವನ ಸಲುವಾಗಿ ಬಂದು ನಿಂತಿದ್ದ ತಂಗಿಯನ್ನು ಹಿತ್ತಲಿಗೆ ಕರೆದು, ಹಾರಿತು ಎಂದುಬಿಡು, ಒಂದು ತುತ್ತು ಉಂಡು ಹೋಗಲಿ ಎಂದೆ. ಅವಳು ತಲೆ ತಗ್ಗಿಸಿ ನಿಂತಳು. ನಾನೇ ಹೋಗಿ ಹೇಳಿದೆ. ಅದರ ಬಗ್ಗೆ ನನಗೆ ಪಶ್ಚಾತ್ತಾಪವೇನೂ ಇಲ್ಲ. ಅವ್ವ ನನ್ನತ್ತ ತಿರುಗಲಿಲ್ಲ, ಬಾಗಿಲಲ್ಲಿ ನಿಂತ ತಂಗಿಯ ಮುಖ ನೋಡಿದಳು. ನೋಡಿ, ಅಂಬಲಿ ಕೊಡು ಎಂದಳು.

ಕೊನೆಗೆ ನಾನು ಇನ್ನೊಂದು ದಾರಿ ಹಿಡಿದೆ. ನಮ್ಮ ಕಡೆ ನಡೆಸಲಾಗದ ಹರಕೆಯನ್ನು ತಪ್ಪುಗಾಣಿಕೆ ಕೊಟ್ಟು ಬಿಡಿಸಿಕೊಳ್ಳುವುದುಂಟು. “ನಾಳಿ ತಿಂಥಣಿಗಿ ಹೋಗಿ ಕಾಣಿಕಿ ಹಾಕಿ ಬರ್ತೀನವ್ವ. ದೇವರು ಏನೂ ಅನ್ನಂಗಿಲ್ಲ.”

ಅವ್ವ ನನ್ನ ಕೈ ಹಿಡಿದಳು. ಆ ಕೈಯಲ್ಲಿ ಬಲವೇ ಇರಲಿಲ್ಲ.

“ಸರಕಾರ ಕೈ ಬಿಟ್ಟಾದ. ನಾನೂ ಬಿಡ್ಲೇನು?”

ಅದಾದ ಮೇಲೆ ನಾನು ಅನ್ನದ ಮಾತು ಎತ್ತಲಿಲ್ಲ. ಹಿತ್ತಲಿಗೆ ಹೋಗಿ, ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತೆ. ನನ್ನ ಅವ್ವ, ಹೆಬ್ಬೆಟ್ಟು ಒತ್ತುವ ಹೆಂಗಸು, ಎಂದೂ ಕಾಣದ ಒಂದು ಯಂತ್ರದ ಸಲುವಾಗಿ ಹಸಿದು ಮಲಗಿದ್ದಳು.

ವಾರ ತುಂಬುವುದರೊಳಗೆ ಹೋದಳು. ಊರಿಗೇ ಒಯ್ದೆವು. ನಮ್ಮಲ್ಲಿ ಮಣ್ಣಿಗಿಡುವ ಮೊದಲು ಹತ್ತಿರದವರು ಒಬ್ಬೊಬ್ಬರಾಗಿ ಸತ್ತವರ ಬಾಯಿಗೆ ನಾಲ್ಕು ಅಕ್ಕಿಕಾಳು ಹಾಕುತ್ತಾರೆ. ಅಪ್ಪನ ತಮ್ಮ, ನಮ್ಮ ಕಾಕಾ, ಅಕ್ಕಿಯ ತಟ್ಟೆ ಹಿಡಿದು ಬಂದ. ನಮ್ಮದೇ ಹೊಲದ ಅಕ್ಕಿ. ನಾನು ಕೈ ಹಾಕಿ ಮುಷ್ಟಿ ತುಂಬಿಕೊಂಡಿದ್ದೆ. ಇನ್ನಾದರೂ ಉಣ್ಣಲಿ ಎಂದೇ ಅಂದುಕೊಂಡಿದ್ದೆ.

ತಂಗಿ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಸೆರಗಿನ ಗಂಟು ಬಿಚ್ಚಿ ತಟ್ಟೆಯ ಒಂದು ಬದಿಗೆ ಜೋಳದ ಕಾಳು ಸುರಿದಳು.

“ಅಕ್ಕೀನೇ ಹಾಕಬೇಕವಾ, ರೂಢಿ ಅದ” ಎಂದ ಕಾಕಾ.

“ಇನ್ನಾ ಅದು ಹಾರಿಲ್ರಿ, ಕಾಕಾ” ಎಂದಳು ತಂಗಿ.

ನಾನು ಮುಷ್ಟಿಯ ಅಕ್ಕಿಯನ್ನು ತಟ್ಟೆಗೆ ಬಿಟ್ಟು, ಜೋಳ ತೆಗೆದುಕೊಂಡೆ.