ನೀರು ಕುಡಿದ ಬಾಗಿಲು

ಹಳೇ ಮನೆ ಎಲ್ಲಿ ಬಿಚ್ಚುತ್ತಾರೆಂದು ಕೇಳಿದರೂ ಗಾಡಿ ಕಟ್ಟಿಕೊಂಡು ಹೋಗಿ, ಬಾಗಿಲು, ಕಂಬ, ತೊಲೆಗಳನ್ನು ಹುಣಸೂರಿಗೆ ತಂದು ಮಾರುವುದು ನನ್ನ ಕಸುಬು. ಚಿಕ್ಕಬಸಪ್ಪನ ಮಂಡಿ ಎಂದರೆ ನಾಲ್ಕು ತಾಲ್ಲೂಕಿಗೂ ಗೊತ್ತು. ಬರೀ ಕಂಬ ಎಂದರೆ ಯಾರೂ ಕತ್ತೆತ್ತಿ ನೋಡುವುದಿಲ್ಲ. ‘ಪಿರಿಯಾಪಟ್ಟಣದ ಕೋಟೆಯೊಳಗಿನ ಅರಮನೆಯ ಕಂಬ’ ಎಂದರೆ ಗಿರಾಕಿ ಅದಕ್ಕೇ ಒರಗಿ ಕೂತು ಮೀಸೆ ತೀಡುತ್ತಾನೆ. ನಾನು ಹಾಗೆ ಹೇಳಿ ಮಾರಿದ ಕಂಬಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರೆ ಆ ಅರಮನೆ ಹುಣಸೂರು ದಾಟಿ ಮೈಸೂರಿಗೆ ಮುಟ್ಟುತ್ತಿತ್ತು.

ನಾನು ಹೇಳಹೊರಟದ್ದು ಕಂಬದ ವಿಷಯವಲ್ಲ, ಕಂಠಪ್ಪನ ವಿಷಯ. ಹತ್ತು ವರ್ಷಕ್ಕೂ ಮೇಲೆ ಅವನು ನನ್ನ ಮಂಡಿಯಲ್ಲಿ ಮರ ನೋಡುವವನಾಗಿದ್ದ. ದಿಮ್ಮಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಬೆರಳಗೆಣ್ಣಿನಿಂದ ಎರಡು ಸಲ ಬಡಿದು, ಕಿವಿಯಿಟ್ಟು, “ಒಳಗೆ ಉಳ ಅದೆ ಸಾವ್ಕಾರ್ರೇ” ಎಂದರೆ ಹುಳ ಇದ್ದೇ ಇರುತ್ತಿತ್ತು. ಕಷ್ಟವೆಂದರೆ ಗಿರಾಕಿಯ ಎದುರಿಗೂ ಹಾಗೆಯೇ ಹೇಳಿಬಿಡುತ್ತಿದ್ದ.

“ಗಿರಾಕಿ ಬಂದಾಗ ನಿನಗೆ ಕಿವಿ ಕೇಳಿಸಲ್ಲ, ತಿಳೀತೇನೋ?” ಎಂದೆ ಒಂದು ದಿನ.

“ಆಗ್ಲಿ ಸಾವ್ಕಾರ್ರೇ” ಎಂದ. ಆಮೇಲೆ ನಾನು ಏನು ಹೇಳಿದರೂ ಗಿರಾಕಿಯ ಮುಂದೆ ಅದೊಂದೇ ಮಾತು, ಅದೊಂದೇ ದನಿ: ಆಗ್ಲಿ ಸಾವ್ಕಾರ್ರೇ.

ಅವನಿಗೆ ಇನ್ನೊಂದು ವಿಚಿತ್ರವಿತ್ತು. ಕರೆಯದೆ ಯಾರ ಮನೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಬೆಳಗ್ಗೆ ಮಂಡಿಯ ಬೀಗದ ಕೈಗೆಂದು ನನ್ನ ಮನೆಗೆ ಬಂದರೆ ಹೊರಗೇ ನಿಂತಿರುತ್ತಿದ್ದ. ನಾನು ‘ಬಾರೋ ಒಳಕ್ಕೆ’ ಎನ್ನಬೇಕು, ಆಮೇಲೆ ಬಗ್ಗಿ ಹೊಸ್ತಿಲು ಮುಟ್ಟಿ ಒಳಗೆ ಬರಬೇಕು. “ನಿನಗೆ ದಿನಾ ವಾಲಗ ಊದಿಸಿ ಕರೀಬೇಕೇನೋ?” ಎಂದು ನನ್ನ ಹೆಂಡತಿ ಕೂಡ ಆಡಿಕೊಳ್ಳುತ್ತಿದ್ದಳು. ಮೊದಲ ದಿನ ಬಂದಾಗ ಸುಮ್ಮನೆ ನಿಲ್ಲಲಾರದೆ ನನ್ನ ತಲೆಬಾಗಿಲನ್ನು ಗೆಣ್ಣಿನಿಂದ ಬಡಿದು ನೋಡಿದ.

“ಅಳೇ ಒನ್ನೆ ಮರ. ಗಟ್ಟಿಯಾಗದೆ. ಆದ್ರೆ ಒಂದ್ಸಲ ಚೆನ್ನಾಗಿ ನೀರು ಕುಡಿದದೆ.”

“ನೀರೂ ಇಲ್ಲ, ಎಂತದ್ದೂ ಇಲ್ಲ. ಪಿರಿಯಾಪಟ್ಟಣದ ಅರಮನೇದು” ಎಂದೆ. ಕೆಲಸಕ್ಕೆ ಸೇರುವವನ ಎದುರಿಗೂ ನಾಲಿಗೆಗೆ ಅದೇ ಬಂತು.

ಕರೆಯದೆ ಬಾಗಿಲು ದಾಟದ ಕಥೆಯನ್ನು ಅವನೇ ಒಮ್ಮೆ ಹೇಳಿದ. ಅವನು ಹುಟ್ಟಿದ್ದು ಎಡತೊರೆಯಲ್ಲಿ, ಕಾವೇರಿಯ ದಂಡೆಯ ಮೇಲೆ. ಪ್ಲೇಗಿನ ವರ್ಷ ಅಪ್ಪ ಸತ್ತ. ಇವನಿಗಾಗ ಐದು ವರ್ಷ. ಹದಿಮೂರನೇ ದಿನಕ್ಕೆ ಚಿಕ್ಕಪ್ಪ ತಾಯಿ ಮಗ ಇಬ್ಬರನ್ನೂ ಹೊರಗೆ ಕಳಿಸಿದ. ‘ಕರೆದರೆ ಮಾತ್ರ ಈ ಬಾಗಿಲು ದಾಟುತ್ತೇವೆ’ ಎಂದು ಅವಳು ಮಗನ ಕೈ ಹಿಡಿದು ಪಿರಿಯಾಪಟ್ಟಣದ ತವರಿಗೆ ನಡೆದಳು. ಯಾರೂ ಕರೆಯಲಿಲ್ಲ. ತವರೂರಿನ ಬಾಯಿ ಸುಮ್ಮನಿರುತ್ತದೆಯೆ? ಗಂಡನ ಕಡೆಯವರು ಒಬ್ಬರೂ ಬಂದುಹೋಗದ ಹೆಂಗಸಿಗೆ ಗಂಡ ಇದ್ದದ್ದೇ ಸುಳ್ಳಿರಬೇಕೆಂದು ಜನ ತೀರ್ಮಾನಿಸಿದರು. ಅವಳು ಸಾಯುವವರೆಗೂ ಹೇಳಿದ್ದು ಒಂದೇ ಮಾತು: “ನಮ್ಮನೆ ಬಾಗಿಲ ಮ್ಯಾಲೆ ನಿನ್ ತಾತನ ಎಸ್ರು ಕೆತ್ತದೆ ಕಣ್ಮಗ, ಚನ್ನವೀರಪ್ಪ ಅಂತ.” ಕಂಠಪ್ಪ ಅದನ್ನು ಮಂಡಿಯಲ್ಲೂ ಹೇಳುತ್ತಿದ್ದ. ಆ ಸೀಮೆಯಲ್ಲಿ ಕಲ್ಲು ಎಸೆದರೆ ಒಬ್ಬ ಚನ್ನವೀರಪ್ಪನ ಮೇಲೆ ಬೀಳುತ್ತದೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನ ಹೆಂಡತಿ ಬೇಗ ಹೋದಳು. ಒಬ್ಬಳೇ ಮಗಳು, ನೀಲಾಂಬಿಕೆ. ಧಾತು ಸಂವತ್ಸರದಲ್ಲಿ ಅವಳಿಗೆ ಸಾಲಿಗ್ರಾಮದಿಂದ ಸಂಬಂಧ ಬಂತು. ಹುಡುಗನ ಅಪ್ಪ ಗುರುಮಲ್ಲಪ್ಪ ನನ್ನ ಹಳೇ ಗಿರಾಕಿ, ಜಮೀನುದಾರ. ಹುಡುಗಿ ಒಪ್ಪಿಗೆಯಾಗಿದ್ದಳು. ಆದರೆ ಪಿರಿಯಾಪಟ್ಟಣದ ಮಾತು ಅಲ್ಲಿಗೂ ಮುಟ್ಟಿತ್ತು.

“ನಂಗೇನು ನಿನ್ ಮಗಳ ಮ್ಯಾಲೆ ಅಗೆಯಾ ಕಂಠಪ್ಪ?” ಎಂದ ಗುರುಮಲ್ಲಪ್ಪ. “ನಿಮ್ಮವ್ವನ ಮಾತು ದಿಟ ಅಂತ ತೋರ್ಸು, ಸಾಕು. ಮನೆ ತೋರ್ಸು, ಬಾಗಿಲ ಮ್ಯಾಲಿನ ಎಸ್ರು ತೋರ್ಸು. ಇಲ್ದಿದ್ರೆ ಆ ಎಸ್ರು ಕಂಡಿರೋನು ಒಬ್ಬ ಬಂದು ಏಳ್ಲಿ. ವೀಳ್ಯ ಬದಲಾಯಿಸ್ತೀನಿ.”

ಹೀಗೆ, ಹೆಚ್ಚುಕಡಿಮೆ ನಲವತ್ತು ವರ್ಷದ ಮೇಲೆ, ಯಾರೂ ಕರೆಯದೆಯೇ ಕಂಠಪ್ಪ ತನ್ನ ಊರಿಗೆ ಹೊರಟ. ಮಡಿ ಪಂಚೆ ಉಟ್ಟು, ಒಂದು ತೆಂಗಿನಕಾಯಿ ಹಿಡಿದಿದ್ದ. ನನ್ನನ್ನು ಕರೆದದ್ದು ದಾರಿ ತೋರಿಸಲಿಕ್ಕೆ. ಕಾವೇರಿಗೆ ದೊಡ್ಡ ನೆರೆ ಬಂದ ವರ್ಷ ನಾನು ಅಲ್ಲಿಗೆ ಹೋಗಿದ್ದೆನೆಂದು ಅವನಿಗೆ ಗೊತ್ತಿತ್ತು. ಗುರುಮಲ್ಲಪ್ಪ ಸಾಲಿಗ್ರಾಮದಿಂದ ನೇರವಾಗಿ ಅಲ್ಲಿಗೇ ಬಂದು ನಮ್ಮನ್ನು ಕೂಡಿಕೊಂಡ.

ಎಡತೊರೆಯಲ್ಲಿ ಊರು ಉಳಿದಿರಲಿಲ್ಲ. ಹನ್ನೆರಡು ವರ್ಷದ ಹಿಂದೆ, ರಕ್ತಾಕ್ಷಿ ಸಂವತ್ಸರದಲ್ಲಿ ಬಂದ ಆ ನೆರೆಯಾದ ಮೇಲೆ ಜನ ಎತ್ತರದಲ್ಲಿ ಕಟ್ಟಿದ ಕೃಷ್ಣರಾಜನಗರಕ್ಕೆ ಹೋಗಿದ್ದರು. ಅಲ್ಲಿ ಬೀದಿಗಳು ಹಗ್ಗ ಹಿಡಿದು ಎಳೆದ ಹಾಗೆ ನೆಟ್ಟಗಿದ್ದವು. ಇಲ್ಲಿ ಬೀದಿ ಎಲ್ಲಿತ್ತೆಂದು ಜಾಲಿ ಗಿಡಗಳನ್ನು ಕೇಳಬೇಕು. ಹೊಸ ಊರಿಗೆ ಹೋಗಲೊಪ್ಪದ ಮರಮ್ಮ ಎಂಬ ಮುದುಕಿ ಆಡು ಮೇಯಿಸಿಕೊಂಡು ಗುಡಿಸಲಲ್ಲಿದ್ದಳು. ಹೆಸರು ಕೆತ್ತಿದ ಬಾಗಿಲನ್ನು ಕಂಡಿದ್ದೀಯಾ ಎಂದು ಗುರುಮಲ್ಲಪ್ಪ ಕೇಳಿದ.

“ಅಕ್ಸರ ನಂಗೇನ್ ತಿಳೀತದೆ ಸಾಮಿ? ಬಾಗ್ಲುಗಳಂತೂ ಇದ್ದೊ. ನೀರಿಳಿದು ಮೂರು ದಿನ ಆಗಿರ್ನಿಲ್ಲ, ಅದ್ದು ಬಂದಂಗೆ ಬಂದ್ರು ನೋಡಿ ಯಾಪಾರದೋರು. ಏರ್ಕಂಡು ಓದ್ರು.”

ಗುರುಮಲ್ಲಪ್ಪ ನನ್ನ ಮುಖ ನೋಡಿದ. ನಾನು ಹೊಳೆ ನೋಡಿದೆ.

ಕಂಠಪ್ಪ ತಾಯಿ ಹೇಳಿದ್ದ ಗುರುತಿನ ಮೇಲೆ ನಡೆದ. ಹೊಳೆ ಬೆನ್ನಿಗೆ, ಅರ್ಕೇಶ್ವರನ ಗುಡಿ ಬಲಕ್ಕೆ, ಆಮೇಲೆ ಏಳು ಕಲ್ಲುಮೆಟ್ಟಿಲು. ಮೆಟ್ಟಿಲುಗಳು ಇದ್ದವು. ಅವುಗಳ ಮೇಲೆ ಏನೂ ಇರಲಿಲ್ಲ, ಬಿಸಿಲು ಮಾತ್ರ. ಅವನು ಆರು ಮೆಟ್ಟಿಲು ಹತ್ತಿ ನಿಂತ. ಏಳನೆಯದನ್ನು ತುಳಿಯಲಿಲ್ಲ. ಸ್ವಲ್ಪ ಹೊತ್ತು ಕಾಯಿ ಹಿಡಿದುಕೊಂಡು ಹಾಗೆಯೇ ನಿಂತಿದ್ದು, ಆರನೆಯದರ ಮೇಲೆ ಕೂತುಬಿಟ್ಟ.

“ಮೆಟ್ಲು ಎಲ್ಲಾರ ಮನೆಗೂ ಇರ್ತವೆ. ಎಸ್ರು?” ಎಂದ ಗುರುಮಲ್ಲಪ್ಪ.

“ಬಾಗ್ಲೇ ಇಲ್ವಲ್ಲ ಸಾಮಿ, ಏನ್ ತೋರ್ಸಲಿ?” ಎಂದ ಕಂಠಪ್ಪ. ಆಮೇಲೆ ನಮ್ಮ ಕಡೆ ನೋಡದೆ ಹೇಳಿದ: “ನಮ್ಮಪ್ಪ ಎಗಲ ಮ್ಯಾಲೆ ಕೂರಿಸ್ಕಂಡು ಈ ಬಾಗ್ಲಲ್ಲಿ ನಿಲ್ಲೋನು. ಎಸ್ರು ಮುಟ್ಟು ಅನ್ನೋನು. ನಂಗೆ ಎಟಕ್ತಿರಲಿಲ್ಲ. ಕೊನೇ ಅಕ್ಸರ ಒಂದು ಮಾತ್ರ ಜಾಗ ಸಾಲ್ದೆ ಕೆಳಕ್ಕಿಳಿದಿತ್ತು, ಸಣ್ಣದಾಗಿ. ಅದೊಂದು ಎಟಕೋದು. ಬೆರಳು ಇಟ್ರೆ ಕುಳಿಯೊಳಗೆ ಕೂತ್ಕಳೋದು.”

ನನ್ನ ಬಾಯಿಯ ಎಲೆಅಡಿಕೆ ಹಾಗೆಯೇ ನಿಂತಿತು.

ಆ ಅಕ್ಷರ ನನಗೆ ಗೊತ್ತಿತ್ತು. ನೆರೆಯ ವರ್ಷ ಎಡತೊರೆಯಿಂದ ತಂದ ಬಾಗಿಲುಗಳಲ್ಲಿ ಒಂದರ ಮೇಲಿನ ಅಡ್ಡಪಟ್ಟಿಯಲ್ಲಿ ಹೆಸರಿತ್ತು. ಕೆತ್ತಿದವನು ಮೊದಲ ಪಂಕ್ತಿಗೆ ಧಾರಾಳವಾಗಿ ಬಡಿಸಿ ಕೊನೆಗೆ ಸಾರು ಸಾಲದವನ ಹಾಗೆ ‘ಚನ್ನವೀರ’ ಎಂದು ದಪ್ಪಕ್ಷರದಲ್ಲಿ ಕೆತ್ತಿ, ಉಳಿದದ್ದನ್ನು ಮೂಲೆಯಲ್ಲಿ ಕೆಳಗೆ ತುರುಕಿದ್ದ. ನನ್ನ ಬಡಗಿ ಮುಖ್ತಾರನಿಗೆ ಕನ್ನಡ ಓದಲು ಬಾರದು. “ಇದೊಂದು ಯಾಕೆ ಸಾವ್ಕಾರ್ರೇ, ಜಗಳಾಡ್ಕೊಂಡು ಮನೆ ಬಿಟ್ಟು ಹೊರಟಿದೆ?” ಎಂದು ಕೇಳಿದ್ದ. ಇಬ್ಬರೂ ನಕ್ಕಿದ್ದೆವು. ಬೇರೆಯವರ ಹೆಸರಿನ ಕೆಳಗೆ ಯಾವ ಗಿರಾಕಿ ಮನೆ ಹೊಗುತ್ತಾನೆ? ಕೀಸುಳಿ ಹಿಡಿದು ಕೀಸಿಬಿಡು ಎಂದೆ. ಕೀಸಿದ. ಮರ ಚೆನ್ನಾಗಿ ಕಂಡದ್ದರಿಂದ ಮಾರದೆ ನನ್ನ ಮನೆಗೇ ಹಾಕಿಸಿಕೊಂಡೆ.

“ಅದನ್ನ ನಾನು ಕಂಡಿದೀನಿ” ಎಂದೆ. “ಗುರುಮಲ್ಲಪ್ಪ, ಆ ಕೊನೇ ಅಕ್ಷರ ನಾನು ಕಣ್ಣಾರೆ ಕಂಡಿದೀನಿ.”

“ಅಂಗಾ? ಅವ್ನು ಈಗೇಳ್ದ, ನೀವು ಈಗ ಕಂಡ್ರಾ?”

“ಗುರುಗಳಾಣೆ. ಆ ಬಾಗಿಲು ನನ್ನ ಮನೇಲೇ ಇದೆ. ತಲೆಬಾಗಿಲೇ ಅದು.”

“ನಿಮ್ಮನೆ ತಲೆಬಾಗ್ಲು ಪಿರಿಯಾಪಟ್ಣದ ಅರಮನೇದಲ್ವಾ ಚಿಕ್ಕಬಸಪ್ಪನೋರೇ? ಓದ ಸಂಕ್ರಾಂತಿ ದಿನ ನನ್ನ ಅದರ ಮುಂದೆ ನಿಲ್ಲಿಸ್ಕಂಡು ಒಂದ್ ಗಂಟೆ ಏಳಿದ್ರಲ್ಲ.”

“ಅದು ವ್ಯಾಪಾರದ ಮಾತು.”

“ಇದು?”

ನಾನು ಬಾಯಿಯ ಎಲೆಅಡಿಕೆ ಉಗಿದೆ. ಅವನೇ ಕೇಳಿದ: “ಓಗ್ಲಿ, ಎಸ್ರು ಅದಾ ಅದರ ಮ್ಯಾಲೆ?”

“ಇಲ್ಲ. ಕೀಸಿಸಿದೆ.”

ಗುರುಮಲ್ಲಪ್ಪ ಕೆಮ್ಮು ಬರುವ ತನಕ ನಕ್ಕ. “ನಂಗೆ ಕೊಟ್ರಲ್ಲ ಅರಮನೆ ಕಂಬ, ನಿಲ್ಲಿಸೋವಾಗ ನೋಡಿದ್ರೆ ಕಣ್ಣಿ ಉಜ್ಜಿದ ಗುರುತು, ಸಂದೀಲಿ ಸಗಣಿ. ಅರಸರು ಎಮ್ಮೆ ಕಟ್ತಿದ್ರಾ ಅಂತ ನಾನು ಕೇಳ್ದ್ನಾ? ಸುಮ್ನಾದೆ. ಆದ್ರೆ ಇದು ಎಣ್ಣಿನ ಇಚಾರ, ಕಂಬ ಅಲ್ಲ.” ಕೆಟ್ಟ ಮನುಷ್ಯನಲ್ಲ ಅವನು. ಹೇಳಿಕಳಿಸುತ್ತೇನೆಂದು ಕೈಮುಗಿದು ಹೋದ. ಹೇಳಿಕಳಿಸಲಿಲ್ಲ.

ಗಾಡಿಯಲ್ಲಿ ಹಿಂದಿರುಗುವಾಗ ಕಂಠಪ್ಪನ ಮಡಿಲಲ್ಲಿ ಕಾಯಿ ಹಾಗೆಯೇ ಇತ್ತು.

“ಯಾಕ್ ಸಾವ್ಕಾರ್ರೇ ನನ್ಗೋಸ್ಕರ ಆಣೆ ಇಕ್ಕಿ ಸುಳ್ಳೇಳಕ್ಕೋದ್ರಿ? ಓಗ್ಲಿ ಬುಡಿ. ಅಷ್ಟು ದೊಡ್ಡೋರ ಮುಂದೆ ನನ್ ಪರ ನಿಂತ್ರಲ್ಲ, ಅಷ್ಟು ಸಾಕು.”

“ಸುಳ್ಳಲ್ಲ ಕಣೋ. ನಿಜವಾಗಿಯೂ ಅದು ನಿಮ್ಮನೆ ಬಾಗಿಲು.”

“ಆಗ್ಲಿ ಸಾವ್ಕಾರ್ರೇ” ಎಂದ. ಗಿರಾಕಿಗಳ ಮುಂದೆ ಹೇಳುತ್ತಿದ್ದ ಅದೇ ದನಿ.

ಸಾಲಿಗ್ರಾಮದವರು ಬಿಟ್ಟರೆಂಬ ಸುದ್ದಿ ಹಬ್ಬಿದ ಮೇಲೆ ಬೇರೆ ಯಾರೂ ಬರಲಿಲ್ಲ. ಎರಡು ಮಳೆಗಾಲ ಕಳೆದು ನೀಲಾಂಬಿಕೆಯನ್ನು ಕೋಟೆ ತಾಲ್ಲೂಕಿನ ಬೇಗೂರಿನ ಕಡೆ, ಕಾಡಂಚಿನಲ್ಲಿದ್ದ ಒಬ್ಬ ವಿಧುರನಿಗೆ ಕೊಟ್ಟ. ಆ ವಿಧುರ ಮನೆ ಕೇಳಲಿಲ್ಲ, ಹೆಸರು ಕೇಳಲಿಲ್ಲ. ಅದು ಚಳಿಜ್ವರದ ಸೀಮೆ. ಅಲ್ಲಿಗೆ ಹೆಣ್ಣು ಕೊಡುವವರಿಲ್ಲದೆ ಅವನೂ ಯಾರನ್ನೂ ಏನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಮರುವರ್ಷ ಶ್ರಾವಣದಲ್ಲಿ ಬಿದಿರಿನ ಗಾಡಿಯವರು ನನ್ನ ಮಂಡಿಗೆ ಸುದ್ದಿ ತಂದರು. ಅವಳನ್ನು ಮಣ್ಣು ಮಾಡಿ ಆಗಲೇ ನಾಲ್ಕು ದಿನವಾಗಿತ್ತು. ಕಂಠಪ್ಪ ಒಂದು ತೊಲೆ ಬಡಿದು ನೋಡುತ್ತಿದ್ದ. ಸುದ್ದಿ ಕೇಳಿ, ಎದ್ದು, ಮತ್ತೆ ಕೂತು, ಅದೇ ತೊಲೆಯನ್ನು ಇನ್ನೊಮ್ಮೆ ಬಡಿದ.

ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ನನಗೆ ತಡೆಯಲಾಗಲಿಲ್ಲ. ಮುಖ್ತಾರನ ಏಣಿಯನ್ನು ನನ್ನ ತಲೆಬಾಗಿಲಿಗೆ ಒರಗಿಸಿ, ಬೀಗದ ಕೈಗೆಂದು ಬಂದಿದ್ದ ಕಂಠಪ್ಪನನ್ನು ಹತ್ತಿಸಿದೆ. “ಬಲಮೂಲೆ ಮುಟ್ಟಿ ನೋಡು. ಕೀಸಿದ ಕಡೆ ತಗ್ಗಿದೆ.”

ನನ್ನ ಸಮಾಧಾನಕ್ಕೆಂದು ಮುಟ್ಟಿದ. ಅಂಗೈಯನ್ನು ಈ ಕಡೆಯಿಂದ ಆ ಕಡೆಗೆ ಎಳೆದ.

“ನುಣ್ಣಗದೆ ಸಾವ್ಕಾರ್ರೇ.”

“ಬಡಿದು ನೋಡೋ. ನೀರು ಕುಡಿದಿದೆ ಅಂತ ಮೊದಲ್ನೇ ದಿನ ನೀನೇ ಹೇಳಿದ್ದೆಯಲ್ಲ. ಅದು ಕಾವೇರಿ ನೀರು ಕಣೋ, ನೆರೆ ನೀರು.”

ಗೆಣ್ಣಿನಿಂದ ಎರಡು ಸಲ ಬಡಿದು, ಕಿವಿಯಿಟ್ಟು ಕೇಳಿದ.

“ಊಂ, ಕುಡಿದದೆ. ಅರಮನೆ ಅಂದ್ರೆ ಕೋಟೆ ಸುತ್ತ ಕಂದಕ ಇರ್ತದಲ್ಲ ಸಾವ್ಕಾರ್ರೇ. ಅದ್ರ ನೀರೇನೋ.”

ಇಳಿದು ಏಣಿಯನ್ನು ಗೋಡೆಗೆ ಸರಿಯಾಗಿ ಒರಗಿಸಿದ. ನಾನು ಬೀಗದ ಕೈ ತರಲು ಒಳಗೆ ಹೋದೆ. ತಿರುಗಿ ನೋಡಿದರೆ ಎಂದಿನಂತೆ ಹೊಸ್ತಿಲಿನ ಆಚೆ, ಕೈ ಕಟ್ಟಿಕೊಂಡು ನಿಂತಿದ್ದ.

“ಬಾರೋ ಒಳಕ್ಕೆ, ಕಂಠಪ್ಪ” ಎಂದೆ.