ಟೆಂಟಿನ ಗಿರಿಜೆಯ ಗಂಟಲು

ಐವತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರಾಗಿದ್ದೆ. ನೇಮಕವಾದದ್ದು ಹೆರಿಗೆ ಕೆಲಸಕ್ಕೆ. ಆದರೆ ಮಕ್ಕಳ ಕೆಮ್ಮು, ಸೋರುವ ಕಿವಿ, ಮೂಗಿನೊಳಗೆ ಸಿಕ್ಕಿಕೊಂಡ ಹುರುಳಿಕಾಳು, ಎಲ್ಲವೂ ನನ್ನ ಮೇಜಿಗೇ ಬರುತ್ತಿದ್ದವು. ಹಾಗೆ ಬಂದವಳು ಗಿರಿಜೆ.

ಸುಗ್ಗಿ ಮುಗಿಯುತ್ತಲೇ ನಮ್ಮ ಸೀಮೆಗೆ ಒಂದು ಟೂರಿಂಗ್ ಟಾಕೀಸ್ ಬರುತ್ತಿತ್ತು. ಬೆಟ್ಟದಪುರ, ಕೊಪ್ಪ, ಹಾರನಹಳ್ಳಿ ಎಂದು ಊರಿಂದೂರಿಗೆ ಡೇರೆ ಎತ್ತಿಕೊಂಡು ಹೋಗುವ ಸಿನಿಮಾ ಅದು. ಅದರ ಮ್ಯಾನೇಜರ್ ಶಿವಣ್ಣ. ಗಿರಿಜೆ ಅವರ ಒಬ್ಬಳೇ ಮಗಳು, ಒಂಬತ್ತು ವರ್ಷ. ಆಟ ಶುರುವಾಗುವ ಮೊದಲು ಪರದೆಯ ಮುಂದೆ ನಿಂತು ಆ ಕಾಲದ ಸಿನಿಮಾ ಹಾಡುಗಳನ್ನು ಹಾಡುತ್ತಿದ್ದಳು. ಸಿನಿಮಾ ಹಳೆಯದಾಗಿದ್ದರೂ ಅವಳ ಹಾಡಿಗೆಂದೇ ಜನ ಬೇಗ ಬಂದು ನೆಲ ಹಿಡಿಯುತ್ತಿದ್ದರು.

ಒಂದು ಬೆಳಿಗ್ಗೆ ಶಿವಣ್ಣ ಮಗಳ ಕೈ ಹಿಡಿದು ಬಂದರು. ಬಂದವರೇ, "ಡಾಕ್ಟ್ರಮ್ಮೋರೆ, ಮಗೀಗೆ ಗಂಟ್ಲು ಕಟ್ಬುಟ್ಟದೆ. ಒಂದು ಇಂಜೆಕ್ಷನ್ ಹಾಕ್ಬುಡಿ. ಮುಂದಿನ ವಾರ ಗ್ರಾಮಫೋನ್ ಕಂಪ್ನಿಯೋರು ಹುಣಸೂರ್ಗೆ ಬತ್ತಾವ್ರೆ. ಇವಳ ಹಾಡು ಕೇಳ್ತಾರಂತೆ. ಒಪ್ಪುದ್ರೆ ಮದ್ರಾಸ್ಗೆ ಕರ್ಕೊಂಡೋಗಿ ಪ್ಲೇಟ್ ಮಾಡುಸ್ತಾರೆ ಕಣ್ರಮ್ಮ!" ಎಂದರು. ಹೇಳುವಾಗ ಅವರ ಮುಖ ಮದುವೆ ಮನೆಯ ಹಾಗಿತ್ತು.

ಗಿರಿಜೆಗೆ ಜ್ವರವಿರಲಿಲ್ಲ, ಟಾನ್ಸಿಲ್ ಕೂಡ ಊದಿರಲಿಲ್ಲ. ಲ್ಯಾರಿಂಜಿಯಲ್ ಮಿರರ್ ತೆಗೆದೆ. ಅದು ಉದ್ದ ಹಿಡಿಯ ಪುಟ್ಟ ದುಂಡು ಕನ್ನಡಿ. ಉಸಿರಿಗೆ ಮಂಜಾಗದಂತೆ ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ ಗಂಟಲಲ್ಲಿ ಹಿಡಿದರೆ, ದನಿ ಹುಟ್ಟಿಸುವ ವೋಕಲ್ ಕಾರ್ಡುಗಳು ಕಾಣುತ್ತವೆ. ಮಕ್ಕಳು ಸಾಮಾನ್ಯವಾಗಿ ವಾಕರಿಸಿ ಗಲಾಟೆ ಮಾಡುತ್ತಾರೆ. ಗಿರಿಜೆ ಮಾತ್ರ ಕಣ್ಣರಳಿಸಿಕೊಂಡು ಅಲ್ಲಾಡದೆ ಕುಳಿತಳು. ಎರಡೂ ಕಾರ್ಡುಗಳ ಅಂಚಿನಲ್ಲಿ ಒಂದೊಂದು ಬಿಳಿ ಗಂಟು ಎದ್ದಿತ್ತು. ವೋಕಲ್ ನಾಡ್ಯೂಲ್ ಎನ್ನುತ್ತಾರೆ. ಗುದ್ದಲಿ ಹಿಡಿದ ಅಂಗೈಯಲ್ಲಿ ಏಳುವ ಜಡ್ಡಿನಂಥದ್ದು.

"ಇದಕ್ಕೆ ಇಂಜೆಕ್ಷನ್ ಇಲ್ಲ ಶಿವಣ್ಣ. ಔಷಧಿ ಅಂದರೆ ಮೌನ. ಹಾಡೂ ಇಲ್ಲ, ಮಾತೂ ಇಲ್ಲ. ಹೀಗೇ ಹಾಡಿಸಿದರೆ ದನಿ ಪೂರ್ತಿ ಕೆಡಬಹುದು" ಎಂದೆ.

ಶಿವಣ್ಣನ ಮುಖ ಇಳಿಯಿತು. "ಒಂದೇ ಒಂದು ವಾರ ಅಮ್ಮಾವ್ರೆ, ಆಮೇಲೆ ನೀವು ಯೋಳ್ದಂಗೆ ಕೇಳ್ತೀನಿ" ಎಂದು ಹೇಳಿ, ಮಗಳನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು.

ನನಗೆ ಸಮಾಧಾನವಾಗಲಿಲ್ಲ. ಎರಡು ದಿನ ಬಿಟ್ಟು, ಬೆಟ್ಟದಪುರದಲ್ಲಿ ಬಾಣಂತಿಯೊಬ್ಬಳನ್ನು ನೋಡಿಕೊಂಡು ಬರುವಾಗ ಸಂಜೆ ಡೇರೆಯೊಳಗೆ ಹೋಗಿ ಕುಳಿತೆ. ಮೈಕು ಇರಲಿಲ್ಲ, ಹೊರಗೆ ಡೈನಮೋ ಗುಡುಗುತ್ತಿತ್ತು. ಗಿರಿಜೆಗೆ ದೊಡ್ಡವರ ಸೀರೆಯನ್ನು ಮಡಚಿ ಉಡಿಸಿದ್ದರು. ತುಟಿಗೆ ಬಣ್ಣ, ಕಣ್ಣಿಗೆ ದಪ್ಪ ಕಾಡಿಗೆ. ಪ್ರಿಯಕರನನ್ನು ಕರೆಯುವ ಹಾಡು. ದೊಡ್ಡ ಹೆಂಗಸಿನ ದನಿ ಬರಲೆಂದು ಗಂಟಲು ಬಿಗಿಹಿಡಿದು, ಹಿಂದಿನ ಸಾಲಿಗೂ ಮುಟ್ಟುವ ಹಾಗೆ ಕೂಗಿ ಹಾಡಿದಳು. ಸೆರಗಿನ ತುದಿ ಕಚ್ಚಿ ಓರೆಗಣ್ಣಲ್ಲಿ ನೋಡಿದಾಗ ಗಂಡಸರು ಸಿಳ್ಳೆ ಹೊಡೆದರು. ಹಾಡು ಎಷ್ಟು ಸೊಗಸಾಗಿತ್ತೆಂದರೆ ನನ್ನ ಕಾಲೂ ತಾಳ ಹಾಕುತ್ತಿತ್ತು. ಆ ಸಿಳ್ಳೆ ಕೇಳಿದ ಮೇಲೆ ಕಾಲು ತಾನಾಗಿ ನಿಂತಿತು.

ಎರಡನೆಯ ಚರಣ ಮೇಲಕ್ಕೆ ಏರುವಲ್ಲಿ ದನಿ ಒಡೆಯಿತು. ಬರೀ ಗಾಳಿ ಬಂತು. ಯಾರೋ ನಕ್ಕರು, ನಗು ಡೇರೆ ತುಂಬ ಹಬ್ಬಿತು. ಗಿರಿಜೆ ಬಾಯಿ ತೆರೆದುಕೊಂಡೇ ನಿಂತಿದ್ದಳು. ಶಿವಣ್ಣ ಓಡಿಬಂದು ಪಂಚೆಯಲ್ಲಿ ಅವಳ ಮುಖ ಮುಚ್ಚಿ ಎತ್ತಿಕೊಂಡು ಹೋದರು.

ಮರುದಿನ ಆಸ್ಪತ್ರೆ ಬಾಗಿಲು ತೆಗೆಯುವ ಹೊತ್ತಿಗೆ ಅಪ್ಪ ಮಗಳು ಜಗುಲಿಯ ಮೇಲೆ ಕುಳಿತಿದ್ದರು. ಶಿವಣ್ಣ ಒಳಗೆ ಬಂದು, "ನಾನೇನು ಬಲವಂತ ಮಾಡ್ಲಿಲ್ಲ ಅಮ್ಮಾವ್ರೆ. ಅವಳಿಗೇ ಹಾಡೋ ಹುಚ್ಚು. ಬೇಕಾದ್ರೆ ಕೇಳಿ" ಎಂದರು.

ಗಿರಿಜೆಯನ್ನು ಹತ್ತಿರ ಕೂರಿಸಿಕೊಂಡು ಕೇಳಿದೆ: "ಹಾಡೋದು ನಿನಗೆ ಇಷ್ಟವೇನೇ?"

ಜೋರಾಗಿ ತಲೆಯಾಡಿಸಿದಳು. ಶಿವಣ್ಣ ನೋಡಿದಿರಾ ಎನ್ನುವಂತೆ ನನ್ನ ಕಡೆ ತಿರುಗಿದರು. ಅಲ್ಲಿಗೇ ಬಿಡಬಹುದಿತ್ತು. ಏಕೋ ಇನ್ನೊಂದು ಪ್ರಶ್ನೆ ಬಾಯಿಗೆ ಬಂತು. "ಅದರಲ್ಲಿ ಬೇಡ ಅನ್ನಿಸೋದು ಏನಾದರೂ ಇದೆಯಾ?"

ಅವಳು ಅಪ್ಪನನ್ನು ನೋಡಿದಳು, ಆಮೇಲೆ ನೆಲವನ್ನು. ಸವೆದ ದನಿಯಲ್ಲಿ ಹೇಳಿದಳು: "ಸೆರಗು ಕಚ್ಕೊಂಡು ನೋಡೋದು ಬ್ಯಾಡ. ಆವಾಗ ಸಿಳ್ಳೆ ಹೊಡೀತಾರೆ. ಮಾರನೆ ದಿನ ನೀರಿಗೋದ್ರೆ ಬೀದೀಲೂ ಹೊಡೀತಾರೆ."

ಶಿವಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಂಗ್ಯಾಕವ್ವಾ ಯೋಳ್ಲಿಲ್ಲ?"

"ನಿಂಗೆ ಖುಸಿಯಾಗ್ತಿತ್ತಲ್ಲ ಅಪ್ಪಯ್ಯ."

 ಶಿವಣ್ಣ ಹೊರಗೆ ಬೇವಿನ ಮರದವರೆಗೆ ಹೋಗಿ, ತಿರುಗಿ ಬಂದು, "ಎಷ್ಟು ದಿನ ಮಾತಾಡ್ಬಾರ್ದು, ಯೋಳಿ" ಎಂದಷ್ಟೇ ಕೇಳಿದರು.

ಆಮೇಲಿನ ವಾರಗಳು ನನ್ನ ನೌಕರಿಯ ಬಹು ಸಿಹಿಯಾದ ದಿನಗಳು. ಗಿರಿಜೆಯ ತಾಯಿಯ ತವರು ಪಿರಿಯಾಪಟ್ಟಣದಲ್ಲೇ ಇದ್ದುದರಿಂದ ಅವಳನ್ನು ಅಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ದಿನವೂ ಆಸ್ಪತ್ರೆಗೆ ಬರುತ್ತಿದ್ದಳು. ಪಿಸುಮಾತೂ ಆಡಬಾರದು, ಅದರಿಂದಲೂ ಗಂಟಲಿಗೆ ಆಯಾಸ ಎಂದು ಹೇಳಿದ್ದೆ. ಅದನ್ನು ಕಾಯುವ ಕೆಲಸ ಕೇರಳದಿಂದ ಬಂದಿದ್ದ ನಮ್ಮ ನರ್ಸ್ ಮರಿಯಮ್ಮನವರದು. ಗಿರಿಜೆಯ ತುಟಿ ಅಲ್ಲಾಡಿದರೆ ಸಾಕು, ಮಾತಾಡಬೇಡ ಎನ್ನಲು "ಮಿಂಡಾದೆ!" ಎಂದು ಮಲಯಾಳದಲ್ಲಿ ಗದರುತ್ತಿದ್ದರು. ಗಿರಿಜೆ ಚಿಟಿಕೆ, ಚಪ್ಪಾಳೆ, ಹುಬ್ಬುಗಳಲ್ಲೇ ಒಂದು ಭಾಷೆ ಕಟ್ಟಿಕೊಂಡಳು. ಬಾಣಂತಿಯರ ವಾರ್ಡಿನ ಹೆಂಗಸರೆಲ್ಲ ಅದನ್ನು ಕಲಿತು, ತಮ್ಮ ತಮ್ಮೊಳಗೇ ಮೂಕಾಭಿನಯ ಮಾಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೊಲಿಗೆ ಹಾಕಿದವರು ನಗಬಾರದೆಂದು ಮರಿಯಮ್ಮ ಅವರನ್ನೂ ಗದರಬೇಕಾಯಿತು.

ಗ್ರಾಮಫೋನಿನವರು ಹೇಳಿದ ದಿನಕ್ಕೇ ಬಂದರು. ಶಿವಣ್ಣ ಒಬ್ಬರೇ ಹುಣಸೂರಿಗೆ ಹೋದರು. ಏನು ಹೇಳಿದಿರಿ ಎಂದು ನಾನು ಆಮೇಲೆ ಕೇಳಿದೆ.

"ಮಗೀನ ಗಂಟ್ಲು ಸರಿಯಿಲ್ಲ ಅಂದೆ. ಸರಿಹೋದ್ಮೇಲೆ ಬರ್ತೀರಾ ಅಂದ್ರು. ಅದ್ನ ಅವಳನ್ನೇ ಕೇಳ್ಬೇಕು ಸ್ವಾಮಿ ಅಂದೆ. ನನ್ನ ಒಂಥರಾ ನೋಡುದ್ರು ಕಣ್ರಮ್ಮ" ಎಂದು ನಕ್ಕರು. ನಗುವಿನ ಹಿಂದೆ ನೋವಿತ್ತು. ಆ ಕಂಪನಿಯವರು ಮತ್ತೆ ಬರಲೂ ಇಲ್ಲ.

ಬೇಸಿಗೆ ಬರುವಷ್ಟರಲ್ಲಿ ಗಂಟುಗಳು ಕರಗಿದ್ದವು. ಕನ್ನಡಿ ತೆಗೆದಿಟ್ಟು, "ಈಗ ಒಂದು ಹಾಡು ಹೇಳು, ನಿನಗೆ ಯಾವುದು ಇಷ್ಟವೋ ಅದು" ಎಂದೆ. ದೇವರನಾಮವನ್ನೋ, ಅಜ್ಜಿ ಕಲಿಸಿದ ಪದವನ್ನೋ ಹಾಡುತ್ತಾಳೆ ಎಂದುಕೊಂಡಿದ್ದೆ. ಸ್ಟೂಲಿನ ಮೇಲೆ ಕಾಲು ಆಡಿಸುತ್ತಾ ಅವಳು ಹಾಡಿದ್ದು ಡೇರೆಯಲ್ಲಿ ಕೇಳಿದ ಅದೇ ಸಿನಿಮಾ ಹಾಡು! ಆದರೆ ಸಲೀಸಾಗಿ, ಬಿಗಿಯಿಲ್ಲದೆ, ಒಂಬತ್ತು ವರ್ಷದ ಹುಡುಗಿಯ ದನಿಯಲ್ಲಿ. ಮರಿಯಮ್ಮ ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಕೇಳಿದರು.

"ಅದೇ ಹಾಡೇನೇ?" ಎಂದೆ.

"ಊಂ. ಚೆನ್ನಾಗದಲ್ವಾ ಡಾಕ್ಟ್ರಮ್ಮ?"

ಅವಳು ಮತ್ತೆ ಡೇರೆಯಲ್ಲಿ ಹಾಡಿದಳು. ಲಂಗ ತೊಟ್ಟು, ಹಾರ್ಮೋನಿಯಂ ಪಕ್ಕದ ಬೆಂಚಿನಲ್ಲಿ ಕುಳಿತು, ಡೈನಮೋ ಶುರುವಾಗುವ ಮುಂಚೆ. ಮನಸ್ಸಿಲ್ಲದ ದಿನ ಬೇಡ ಎನ್ನುತ್ತಿದ್ದಳು. ಆ ದಿನ ಶಿವಣ್ಣ ಗ್ರಾಮಫೋನ್ ಪ್ಲೇಟು ಹಾಕುತ್ತಿದ್ದರು. ಮುಂಚಿನಷ್ಟು ಜನ ಬರುತ್ತಿರಲಿಲ್ಲವಂತೆ. ಅದನ್ನು ಅವರು ದೂರುವ ದನಿಯಲ್ಲಿ ಹೇಳಲಿಲ್ಲ.

ಈಗ ನನಗೆ ಎಂಬತ್ತು ದಾಟಿದೆ. ಟಿ.ವಿ.ಯಲ್ಲಿ ಪುಟ್ಟ ಮಕ್ಕಳು ದೊಡ್ಡವರ ಹಾಡನ್ನು ದೊಡ್ಡವರ ಬೆಡಗಿನಲ್ಲಿ ಹಾಡುತ್ತಾರೆ; ತಂದೆತಾಯಿ ಕೆಳಗೆ ಕುಳಿತು ಕಣ್ಣೊರೆಸಿಕೊಳ್ಳುತ್ತಾರೆ. ಇದು ಸರಿಯೇ ಎಂದು ಮೊಮ್ಮಕ್ಕಳು ಕೇಳಿದರೆ, ಸರಿ ಅಥವಾ ತಪ್ಪು ಎಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಶಿವಣ್ಣನ ಪ್ರೀತಿ ಸುಳ್ಳಾಗಿರಲಿಲ್ಲ. ಆ ಮಗುವಿನ ಹಾಡುವ ಆಸೆಯೂ ಸುಳ್ಳಾಗಿರಲಿಲ್ಲ. ನನ್ನ ವೃತ್ತಿ ಕಲಿಸಿದ್ದು ಇಷ್ಟು: ಇಷ್ಟವೇ ಎಂದು ಕೇಳಿದರೆ ಮಗು ನಮ್ಮ ಮುಖ ನೋಡಿ ಹೂಂ ಎನ್ನುತ್ತದೆ. ಬೇಡವಾದದ್ದು ಏನು ಎಂದು ಕೇಳಿ, ನಾವು ಸ್ವಲ್ಪ ಹೊತ್ತು ಸುಮ್ಮನಿರಬೇಕು.